ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ದೂರ ಒಂದೇ ಆದರೂ ಹೋಗುವ ಹೊತ್ತು, ಬರುವ ಹೊತ್ತು ಬೇರೆ ಏಕೆ?

ಮಗಳ ಬಾಣಂತನಕ್ಕೆಂದು ಮೊದಲ ಬಾರಿ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ನಮ್ಮ ಪಕ್ಕದ ಮನೆಯವರು ಟಿಕೆಟ್ಟಿನ ಪ್ರತಿಯನ್ನು ತಂದು ನನ್ನ ಮುಂದೆ ಹಿಡಿದರು. ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಡುವ ವಿಮಾನವು ಅದೇ ದಿನ ಸಂಜೆ 5 ಗಂಟೆಗೆ ಸ್ಯಾನ್ ಫ್ರಾನ್ಸಿಸ್ಕೋ ತಲುಪುತ್ತದೆ ಎಂದು ಅದರಲ್ಲಿ ಅಚ್ಚಾಗಿತ್ತು. "ಎರಡೂವರೆ ಗಂಟೆಯಲ್ಲಿ ಬಸ್ಸು ಚಿತ್ರದುರ್ಗವನ್ನೂ ದಾಟುವುದಿಲ್ಲ, ಇವರು ಅಮೆರಿಕಕ್ಕೆ ಹೇಗೆ ಕರೆದೊಯ್ಯುತ್ತಾರೆ?" ಎಂಬುದು ಅವರ ಪ್ರಶ್ನೆ. ಮಗಳು ಫೋನಿನಲ್ಲಿ "ಹದಿನಾರು ಗಂಟೆ ಅಮ್ಮ" ಎಂದಿದ್ದಳು. ಮರಳಿ ಬರುವ ಟಿಕೆಟ್ಟನ್ನು ಲೆಕ್ಕ ಹಾಕಿದರೆ ಹದಿನೆಂಟು ಗಂಟೆಯ ಹತ್ತಿರ ಬರುತ್ತಿತ್ತು.

ಅವರ ಗೊಂದಲದಲ್ಲಿ ಮೂರು ಪ್ರಶ್ನೆಗಳು ಅಡಗಿದ್ದವು. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಅಳೆಯುವುದು ಹೇಗೆ? ದೂರ ಒಂದೇ ಆಗಿರುವಾಗ ಪ್ರಯಾಣದ ಅವಧಿ ಏಕೆ ಬದಲಾಗುತ್ತದೆ? ಗಡಿಯಾರ ಏಕೆ ಬೇರೆಯೇ ಲೆಕ್ಕ ಹೇಳುತ್ತದೆ? ಇವುಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ದೂರ ಎಂದರೆ ಯಾವ ದೂರ?

ರಸ್ತೆಯ ದೂರವನ್ನು ರಸ್ತೆಯೇ ನಿರ್ಧರಿಸುತ್ತದೆ. ಅದು ಸುತ್ತಿ ಬಳಸಿದಂತೆಲ್ಲ ಕಿಲೋಮೀಟರುಗಳು ಕೂಡುತ್ತವೆ. ವಿಮಾನಕ್ಕೆ ಅಂಥ ಕಟ್ಟಿದ ದಾರಿ ಇಲ್ಲದಿರುವುದರಿಂದ, ಎರಡು ನಿಲ್ದಾಣಗಳ ನಡುವಿನ ದೂರವೆಂದರೆ ಭೂಮಿಯ ಮೈಮೇಲೆ ಅವೆರಡನ್ನು ಜೋಡಿಸುವ ಅತ್ಯಂತ ಗಿಡ್ಡ ಗೆರೆಯ ಉದ್ದ ಎಂದು ಇಟ್ಟುಕೊಳ್ಳಲಾಗಿದೆ. ಇದನ್ನು ಲೆಕ್ಕ ಹಾಕಲು ಬೇಕಾದದ್ದು ಎರಡೂ ಸ್ಥಳಗಳ ಅಕ್ಷಾಂಶ ಮತ್ತು ರೇಖಾಂಶಗಳು ಮಾತ್ರ. ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣವು 37.6 ಡಿಗ್ರಿ ಉತ್ತರ ಮತ್ತು 122.4 ಡಿಗ್ರಿ ಪಶ್ಚಿಮದಲ್ಲಿದೆ. ಈ ಅಂಕಿಗಳಿಂದ ಲೆಕ್ಕ ಮಾಡಿದರೆ ದೂರ ಸುಮಾರು 13,990 ಕಿಲೋಮೀಟರ್ ಎಂದು ಸಿಗುತ್ತದೆ. ಭೂಮಿಯ ಮೇಲೆ ಯಾವುದೇ ಎರಡು ಜಾಗಗಳು ಒಂದಕ್ಕೊಂದು ಹೆಚ್ಚೆಂದರೆ 20,000 ಕಿಲೋಮೀಟರ್ ದೂರದಲ್ಲಿರಬಲ್ಲವು, ಏಕೆಂದರೆ ಭೂಮಿಯ ಸುತ್ತಳತೆಯೇ 40,000 ಕಿಲೋಮೀಟರ್. ಇದನ್ನು ನೆನಪಿಟ್ಟುಕೊಂಡರೆ, ಈ ಪ್ರಯಾಣವು ಭೂಮಿಯಲ್ಲಿ ಸಾಧ್ಯವಿರುವ ಗರಿಷ್ಠ ದೂರದ ಶೇಕಡ 70ರಷ್ಟು ಎಂಬುದು ತಿಳಿಯುತ್ತದೆ.

ಇದೇ ದೂರವನ್ನು ಒಂದು ಕಡೆ 8,690 ಎಂದೂ ಇನ್ನೊಂದು ಕಡೆ 7,550 ಎಂದೂ ತೋರಿಸುವುದುಂಟು. ಮೊದಲನೆಯದು ಸಾಮಾನ್ಯ ಮೈಲಿ, ಎರಡನೆಯದು ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ಭೂಮಿಯ ಸುತ್ತಳತೆಯನ್ನು 360 ಡಿಗ್ರಿಗಳಾಗಿ, ಪ್ರತಿ ಡಿಗ್ರಿಯನ್ನು 60 ಪಾಲಾಗಿ ಭಾಗಿಸಿದಾಗ ಸಿಗುವ ಒಂದು ಪಾಲಿನಿಂದ ಈ ಅಳತೆ ಬಂದದ್ದು. ಹಡಗಿನವರಿಂದ ಇದನ್ನು ಕಲಿತ ವಿಮಾನದವರು ಇಂದಿಗೂ ಬಿಟ್ಟಿಲ್ಲ.

ಭೂಪಟದ ಮೇಲೆ ಡೊಂಕು, ಭೂಮಿಯ ಮೇಲೆ ನೇರ

ಗೋಡೆಯ ಮೇಲಿನ ಭೂಪಟದಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸ್ಕೇಲಿಟ್ಟು ಗೆರೆ ಎಳೆದರೆ ಅದು ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್‌ಗಳನ್ನು ದಾಟಿ ಹೋಗುತ್ತದೆ. ಆ ಗೆರೆ ನೇರವಾಗಿ ಕಂಡರೂ ಗಿಡ್ಡ ದಾರಿಯಲ್ಲ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಯ ಮೇಲೆ ಹಾಸುವುದೆಂದರೆ ಕಿತ್ತಳೆಯ ಸಿಪ್ಪೆಯನ್ನು ಮೇಜಿನ ಮೇಲೆ ಒತ್ತಿ ಹರಡಿದಂತೆ; ಎಲ್ಲಾದರೂ ಒಂದೆಡೆ ಅದು ಹರಿಯಲೇಬೇಕು, ಇಲ್ಲವೇ ಹಿಗ್ಗಲೇಬೇಕು. 1569ರಲ್ಲಿ ಮರ್ಕೇಟರ್ ಎಂಬ ನಕಾಶೆಕಾರ ರೂಪಿಸಿದ ಭೂಪಟದಲ್ಲಿ ಧ್ರುವಗಳ ಕಡೆಗೆ ಸಾಗಿದಂತೆ ನೆಲ ಹಿಗ್ಗುತ್ತ ಹೋಗುತ್ತದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣಿಸುತ್ತದೆ, ಆದರೆ ನಿಜದಲ್ಲಿ ಆಫ್ರಿಕಾ ಅದಕ್ಕಿಂತ ಸುಮಾರು 14 ಪಟ್ಟು ದೊಡ್ಡದು.

ಆದ್ದರಿಂದ ಪಕ್ಕದ ಮನೆಯವರಿಗೆ ತೋರಿಸಲು ನಾನು ಮಕ್ಕಳ ಗ್ಲೋಬನ್ನು ಇಳಿಸಿಕೊಂಡು, ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋವರೆಗೆ ಬಿಗಿಯಾಗಿ ಎಳೆದೆ. ಸಡಿಲವಾಗಿದ್ದಾಗ ದಾರ ಚೀನಾ, ಜಪಾನ್‌ಗಳ ಮೇಲೆ ಬಿದ್ದಿತ್ತು. ಬಿಗಿಯಾಗುತ್ತಿದ್ದಂತೆ ತಾನಾಗಿಯೇ ಉತ್ತರಕ್ಕೆ ಜಾರಿ ಸೈಬೀರಿಯಾದ ನೆತ್ತಿಯ ಮೇಲೆ ನಿಂತಿತು. ದಾರವನ್ನು ಯಾರೂ ಅತ್ತ ತಳ್ಳಲಿಲ್ಲ. ಬಿಗಿಯಾದ ದಾರ ಗಿಡ್ಡ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಈ ದಾರಿಗೆ ಮಹಾವೃತ್ತ ಎಂದು ಹೆಸರು. ಭೂಮಿಯ ಕೇಂದ್ರದ ಮೂಲಕ ಹಾಯುವಂತೆ ಅದನ್ನು ಎರಡು ಸಮ ಹೋಳು ಮಾಡಿದರೆ ಮೇಲ್ಮೈಯಲ್ಲಿ ಮೂಡುವ ವೃತ್ತವೇ ಅದು.

ಲೆಕ್ಕದ ಪ್ರಕಾರ ಈ ಗೆರೆ ದೇವನಹಳ್ಳಿಯಿಂದ ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿ ಹೊರಡುತ್ತದೆ. ಗಡ್‌ಚಿರೋಲಿ, ಪೂರ್ವ ಉತ್ತರ ಪ್ರದೇಶ, ನೇಪಾಳದ ಹಿಮಾಲಯ, ಟಿಬೆಟ್, ಪಶ್ಚಿಮ ಮಂಗೋಲಿಯಾ ಮತ್ತು ಸೈಬೀರಿಯಾಗಳ ಮೇಲೆ ಸಾಗಿ ಸುಮಾರು 71 ಡಿಗ್ರಿ ಉತ್ತರದವರೆಗೆ, ಅಂದರೆ ಆರ್ಕ್‌ಟಿಕ್ ಸಾಗರದ ಅಂಚಿನವರೆಗೆ ಏರುತ್ತದೆ. ಅಲ್ಲಿಂದ ಅಲಾಸ್ಕಾದ ಮೇಲೆ ಇಳಿದು ಕ್ಯಾಲಿಫೋರ್ನಿಯಾ ಸೇರುತ್ತದೆ. ವಿಮಾನ ಹನ್ನೊಂದು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಹಾರುವುದರಿಂದ ದೂರ ಹೆಚ್ಚಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೆಚ್ಚಾಗುತ್ತದೆ, ಆದರೆ ಗಣನೆಗೆ ಬರುವಷ್ಟಲ್ಲ. 30 ಸೆಂಟಿಮೀಟರ್ ಅಡ್ಡಳತೆಯ ಗ್ಲೋಬಿನಲ್ಲಿ ಈ ದಾರದ ಉದ್ದ ಸುಮಾರು 33 ಸೆಂಟಿಮೀಟರ್. ಅದೇ ಗ್ಲೋಬಿನಲ್ಲಿ 12 ಕಿಲೋಮೀಟರ್ ಎತ್ತರವೆಂದರೆ ಮಿಲಿಮೀಟರಿನ ಮೂರನೆಯ ಒಂದು ಪಾಲೂ ಇಲ್ಲ. ವಿಮಾನದ ಹಾರಾಟವೆಲ್ಲ ಆ ದಾರದ ದಪ್ಪದೊಳಗೇ ನಡೆದುಹೋಗುತ್ತದೆ.

ಆ ಗೆರೆಯ ಮೇಲೆಯೇ ವಿಮಾನ ಸಾಗುವುದಿಲ್ಲ

ಮಹಾವೃತ್ತದ ದಾರಿ ಕಾಗದದ ಮೇಲಿನ ಲೆಕ್ಕ. ನಿಜವಾದ ದಾರಿಯನ್ನು ಪ್ರತಿ ಪ್ರಯಾಣಕ್ಕೂ ಹೊಸದಾಗಿ ಗೊತ್ತುಮಾಡುತ್ತಾರೆ, ಮತ್ತು ಅದು ಸಾಮಾನ್ಯವಾಗಿ ತುಸು ಉದ್ದವೇ ಇರುತ್ತದೆ.

ಮೊದಲ ತೊಡಕು ಟಿಬೆಟ್ಟಿನದು. ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತನೆ ಕುಸಿದರೆ, ತಲೆಯ ಮೇಲಿನಿಂದ ಇಳಿಬೀಳುವ ಮುಖವಾಡಗಳಲ್ಲಿನ ಆಮ್ಲಜನಕ ಮುಗಿಯುವ ಮುನ್ನ ಪೈಲಟ್ಟು ಸುಮಾರು 3 ಕಿಲೋಮೀಟರ್ ಎತ್ತರಕ್ಕೆ ಇಳಿಯಬೇಕು. ಅಲ್ಲಿ ಮನುಷ್ಯ ಸಹಜವಾಗಿ ಉಸಿರಾಡಬಲ್ಲ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4.5 ಕಿಲೋಮೀಟರ್ ಇರುವಾಗ ಇಳಿಯುವುದು ಎಲ್ಲಿಗೆ? ಈ ಕಾರಣಕ್ಕೆ ದೂರದ ವಿಮಾನಗಳು ಹೆಚ್ಚಾಗಿ ಆ ಪ್ರದೇಶವನ್ನು ತಪ್ಪಿಸಿ ಸುತ್ತಿಕೊಂಡು ಹೋಗುತ್ತವೆ.

ಎರಡನೆಯದು ಇಂಜಿನಿನ ಲೆಕ್ಕ. ಎರಡು ಇಂಜಿನಿನ ವಿಮಾನದಲ್ಲಿ ಒಂದು ಕೆಟ್ಟರೂ ಇನ್ನೊಂದರ ಬಲದಲ್ಲಿ ನಿಗದಿತ ಅವಧಿಯೊಳಗೆ ಯಾವುದಾದರೂ ನಿಲ್ದಾಣವನ್ನು ತಲುಪುವಂತಿರಬೇಕು. ಮೂಲ ಮಿತಿ 60 ನಿಮಿಷ. ವಿಮಾನದ ಮಾದರಿ ಮತ್ತು ಸಂಸ್ಥೆಯ ನಿರ್ವಹಣೆಯನ್ನು ಪರೀಕ್ಷಿಸಿದ ಬಳಿಕ ಇದನ್ನು 180 ನಿಮಿಷಗಳಿಗೆ, ಕೆಲವೊಮ್ಮೆ ಇನ್ನೂ ಹೆಚ್ಚಿಗೆ ಏರಿಸುತ್ತಾರೆ. ಅಂದರೆ ವಿಮಾನವು ಸಾಗರ ಅಥವಾ ಹಿಮದ ಮೇಲೆ ಸಾಗುವಾಗಲೂ ಕಣ್ಣಿಗೆ ಕಾಣದ ನಿಲ್ದಾಣಗಳ ಸಾಲಿನ ಹತ್ತಿರವೇ ಇರುತ್ತದೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನವು ಇಂಜಿನಿನ ದೋಷದಿಂದಾಗಿ ರಷ್ಯಾದ ದೂರದ ಮೂಲೆಯ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. 216 ಪ್ರಯಾಣಿಕರು ಬೇರೆ ವಿಮಾನ ಬರುವವರೆಗೆ ಅಲ್ಲಿ ಕಾಯಬೇಕಾಯಿತು. ಅಲ್ಲಿಯವರೆಗೆ ನಮ್ಮಲ್ಲಿ ಹೆಚ್ಚಿನವರು ಹೆಸರನ್ನೂ ಕೇಳಿರದ ಆ ಊರು ಅಂದು ಅಷ್ಟು ಜನರನ್ನು ಸುರಕ್ಷಿತವಾಗಿ ನೆಲಕ್ಕಿಳಿಸಿಕೊಂಡಿತು.

ಮೂರನೆಯದು ದೇಶಗಳ ಗಡಿ. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಒಡೆತನವಿದೆ, ಅದನ್ನು ಮುಚ್ಚುವ ಅಧಿಕಾರವೂ ಇದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪ್ ಮತ್ತು ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಅದರಿಂದ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿದ್ದ ಪ್ರಯಾಣ ಹದಿಮೂರು ಗಂಟೆಯದಾಯಿತು. ಎರಡೂ ನಗರಗಳು ಇದ್ದಲ್ಲೇ ಇವೆ. ನಡುವಿನ ಆಕಾಶಕ್ಕೆ ಬೀಗ ಬಿದ್ದಿತು, ಅಷ್ಟೇ.

ಗಾಳಿಯೇ ನಿಜವಾದ ದಾರಿ

ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ಇರುವ ವ್ಯತ್ಯಾಸದ ಮುಖ್ಯ ಕಾರಣ ಗಾಳಿ. ತುಂಗಭದ್ರೆಯಲ್ಲಿ ಹರಿಗೋಲು ಏರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಟ್ಟು ಹಾಕುವವನ ತೋಳಿನ ಬಲ ಒಂದೇ. ಹರಿವಿನೊಂದಿಗೆ ಸಾಗಿದಾಗ ದಡ ಸರಸರನೆ ಹಿಂದೆ ಸರಿಯುತ್ತದೆ, ಹರಿವಿಗೆ ಎದುರಾದಾಗ ಅಷ್ಟೇ ಹುಟ್ಟು ಹಾಕಿದರೂ ದಡ ನಿಂತಲ್ಲೇ ನಿಂತಂತೆ ತೋರುತ್ತದೆ. ಹರಿಗೋಲು ಸಾಗುವುದು ನೀರಿನಲ್ಲಿ, ವಿಮಾನ ಸಾಗುವುದು ಗಾಳಿಯಲ್ಲಿ. ದೊಡ್ಡ ವಿಮಾನವೊಂದು ತನ್ನ ಸುತ್ತಲಿನ ಗಾಳಿಯಲ್ಲಿ ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಆ ಗಾಳಿಯೇ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದೇ ದಿಕ್ಕಿಗೆ ಹೋಗುತ್ತಿದ್ದರೆ ನೆಲದ ಲೆಕ್ಕದಲ್ಲಿ ವಿಮಾನದ ವೇಗ 1,000 ಆಗುತ್ತದೆ. ಎದುರಿನಿಂದ ಬೀಸುತ್ತಿದ್ದರೆ 800ಕ್ಕೆ ಇಳಿಯುತ್ತದೆ.

ಇಂಥ ಗಾಳಿ ಆ ಎತ್ತರದಲ್ಲಿ ಅಪರೂಪದ್ದಲ್ಲ. ನೆಲದಿಂದ 9ರಿಂದ 12 ಕಿಲೋಮೀಟರ್ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ, ಭೂಮಿಯನ್ನು ಸುತ್ತುವರಿದು ಹರಿಯುವ ಗಾಳಿಯ ನದಿಗಳಿವೆ. ಅವುಗಳನ್ನು ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಸಮಭಾಜಕದ ಕಡೆಯ ಬಿಸಿ ಗಾಳಿಗೂ ಧ್ರುವದ ಕಡೆಯ ತಣ್ಣನೆಯ ಗಾಳಿಗೂ ಇರುವ ತಾಪದ ಅಂತರ ಇವುಗಳನ್ನು ಹುಟ್ಟಿಸುತ್ತದೆ, ಭೂಮಿಯ ತಿರುಗುವಿಕೆ ಪೂರ್ವಕ್ಕೆ ಬಾಗಿಸುತ್ತದೆ. ಚಳಿಗಾಲದಲ್ಲಿ ಆ ಅಂತರ ಹೆಚ್ಚುವುದರಿಂದ ಹರಿವೂ ಬಿರುಸಾಗುತ್ತದೆ. ಗಂಟೆಗೆ 300 ಕಿಲೋಮೀಟರ್ ಮೀರುವುದೂ ಉಂಟು. 1920ರ ದಶಕದಲ್ಲಿ ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೋ ಓಯಿಶಿ ಬಲೂನುಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ಲೋಕಕ್ಕೆಲ್ಲ ತಿಳಿಯಲೆಂದು ಅವರು, ಎಲ್ಲ ದೇಶದವರಿಗೂ ಒಂದೇ ಭಾಷೆಯಿರಲೆಂದು ಕಟ್ಟಿದ್ದ ಆದರೆ ಕೆಲವರಷ್ಟೇ ಕಲಿತಿದ್ದ ಎಸ್ಪೆರಾಂಟೋದಲ್ಲಿ ವರದಿ ಪ್ರಕಟಿಸಿದರು, ಆದರೆ ಅದೇ ಕಾರಣಕ್ಕೆ ಅದನ್ನು ಓದಿದವರು ತೀರ ಕಡಿಮೆ. ಎರಡನೆಯ ಮಹಾಯುದ್ಧದಲ್ಲಿ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್‌ಗಳು ಜಪಾನಿನ ಮೇಲೆ ಇದೇ ಗಾಳಿಗೆ ಸಿಕ್ಕಿ ಗುರಿ ತಪ್ಪಿದಾಗ ಅದರ ಬಲ ಎಲ್ಲರ ಅರಿವಿಗೂ ಬಂದಿತು.

14,000 ಕಿಲೋಮೀಟರ್ ಪ್ರಯಾಣದಲ್ಲಿ ಸರಾಸರಿ ಗಂಟೆಗೆ 60 ಕಿಲೋಮೀಟರ್ ಗಾಳಿ ಬೆನ್ನ ಹಿಂದಿದ್ದರೆ 14 ಗಂಟೆ 35 ನಿಮಿಷ ಸಾಕು. ಅಷ್ಟೇ ಗಾಳಿ ಎದುರಾದರೆ 16 ಗಂಟೆ 40 ನಿಮಿಷ ಬೇಕು. ಅಷ್ಟು ಸಣ್ಣ ಗಾಳಿಯಿಂದ ಎರಡು ಗಂಟೆಗಳ ಅಂತರ ಬಂದುಬಿಡುತ್ತದೆ. ಆದ್ದರಿಂದ ದಾರಿ ಗೊತ್ತುಮಾಡುವವರು ಕಡಿಮೆ ದೂರಕ್ಕಿಂತ ಕಡಿಮೆ ಹೊತ್ತನ್ನೇ ಹುಡುಕುತ್ತಾರೆ. ಇದಕ್ಕೆ 2016ರ ಅಕ್ಟೋಬರ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆಗ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಟ್ಲಾಂಟಿಕ್ ಕಡೆಯಿಂದ ಸುಮಾರು 13,900 ಕಿಲೋಮೀಟರ್ ದಾರಿ ಹಿಡಿಯುತ್ತಿದ್ದ ಏರ್ ಇಂಡಿಯಾ, ಅದನ್ನು ಬಿಟ್ಟು ಪೂರ್ವಕ್ಕೆ ತಿರುಗಿ ಪೆಸಿಫಿಕ್ ಮೇಲಿನಿಂದ ಸುಮಾರು 15,300 ಕಿಲೋಮೀಟರ್ ಹಾರಿತು. ದೂರ 1,400 ಕಿಲೋಮೀಟರ್ ಹೆಚ್ಚಿದರೂ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು. ಹಳೆಯ ದಾರಿಗಿಂತ ಎರಡು ಗಂಟೆಯಷ್ಟು ಕಡಿಮೆ. 15,300ನ್ನು ಹದಿನಾಲ್ಕೂವರೆಯಿಂದ ಭಾಗಿಸಿ ನೋಡಿ: ಗಂಟೆಗೆ 1,055 ಕಿಲೋಮೀಟರ್. 900ರ ಮೇಲಿನದೆಲ್ಲ ಗಾಳಿ ಕೊಟ್ಟದ್ದು.

ಎದುರುಗಾಳಿಯಿಂದ ತಪ್ಪಿಸಿಕೊಳ್ಳಲೂ ದಾರಿ ಇದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ಸೇವೆಯನ್ನು ಆರಂಭಿಸಿದಾಗ, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಎಲ್ಲ ಮಹಿಳಾ ಪೈಲಟ್ಟುಗಳೇ ಇದ್ದ ಮೊದಲ ವಿಮಾನವು ಉತ್ತರ ಧ್ರುವದ ಮೇಲಿನ ದಾರಿ ಹಿಡಿದು ದೇವನಹಳ್ಳಿಗೆ ಬಂದಿಳಿಯಿತು. ಧ್ರುವವೆಂದರೆ ಬಹಳ ಸುತ್ತು ಎನಿಸಬಹುದು. ಆದರೆ ಸ್ಯಾನ್ ಫ್ರಾನ್ಸಿಸ್ಕೋದಿಂದ ನೆಟ್ಟಗೆ ಧ್ರುವಕ್ಕೆ, ಅಲ್ಲಿಂದ ನೆಟ್ಟಗೆ ಬೆಂಗಳೂರಿಗೆ ಲೆಕ್ಕ ಹಾಕಿದರೆ ಸುಮಾರು 14,365 ಕಿಲೋಮೀಟರ್ ಆಗುತ್ತದೆ. ಅತ್ಯಂತ ಗಿಡ್ಡ ದಾರಿಗಿಂತ 375 ಕಿಲೋಮೀಟರ್ ಮಾತ್ರ ಹೆಚ್ಚು. ಜೆಟ್ ಸ್ಟ್ರೀಮಿನ ಎದುರು ಈಜುವುದಕ್ಕಿಂತ ಅಷ್ಟು ಸುತ್ತು ಎಷ್ಟೋ ಹಗುರ.

ಭೂಮಿ ತಿರುಗುವುದರಿಂದ ವ್ಯತ್ಯಾಸವಾಗುವುದಿಲ್ಲವೇ?

ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಊರೇ ಎದುರು ಬರಬೇಕಲ್ಲವೇ ಎಂಬ ಪ್ರಶ್ನೆ ಸಹಜವಾದದ್ದು. ಓಡುವ ರೈಲಿನೊಳಗೆ ಕುಳಿತು ನಿಂಬೆಹಣ್ಣನ್ನು ಮೇಲಕ್ಕೆಸೆದರೆ ಅದು ಹಿಂದಿನ ಸೀಟಿಗೆ ಹೋಗಿ ಬೀಳುವುದಿಲ್ಲ, ನಮ್ಮ ಕೈಗೇ ಮರಳುತ್ತದೆ. ಏಕೆಂದರೆ ನಾವು, ನಿಂಬೆಹಣ್ಣು, ಬೋಗಿಯೊಳಗಿನ ಗಾಳಿ ಎಲ್ಲವೂ ರೈಲಿನೊಂದಿಗೇ ಓಡುತ್ತಿವೆ. ಹಾಗೆಯೇ ವಾತಾವರಣವೂ ಭೂಮಿಯೊಂದಿಗೇ ತಿರುಗುತ್ತದೆ. ಬೆಂಗಳೂರಿನ ನೆಲ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಗಾಳಿ ಜೊತೆಗೆ ಬರದಿದ್ದರೆ ಲಾಲ್‌ಬಾಗಿನಲ್ಲಿ ಒಂದು ಮರವೂ ನಿಲ್ಲುತ್ತಿರಲಿಲ್ಲ. ಆದ್ದರಿಂದ ತಿರುಗುವಿಕೆಯ ನೇರ ಪರಿಣಾಮ ಪ್ರಯಾಣದ ಮೇಲಿಲ್ಲ. ಮೇಲೆ ಹೇಳಿದಂತೆ ಜೆಟ್ ಸ್ಟ್ರೀಮನ್ನು ಪೂರ್ವಕ್ಕೆ ಬಾಗಿಸುವ ಮೂಲಕ ಪರೋಕ್ಷವಾಗಿ ಮಾತ್ರ ಇದೆ.

ಗಡಿಯಾರದ ಲೆಕ್ಕ

ಈಗ ಟಿಕೆಟ್ಟಿನ ಎರಡೂವರೆ ಗಂಟೆಗೆ ಬರೋಣ. ವಿಮಾನದ ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುವುದರಿಂದ ಪ್ರತಿ 15 ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆಯ ವ್ಯತ್ಯಾಸ ಬರುತ್ತದೆ. ಭಾರತದ ಸಮಯವನ್ನು ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನಿಗದಿ ಮಾಡಿರುವುದರಿಂದ ನಾವು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದ್ದೇವೆ. ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ ಎಂಟು ಗಂಟೆ ಹಿಂದಿದೆ. ಎರಡೂ ಸೇರಿ ಹದಿಮೂರೂವರೆ ಗಂಟೆ. ಬೆಂಗಳೂರಿನಲ್ಲಿ ಮಧ್ಯಾಹ್ನ 2.30 ಆಗಿರುವಾಗ ಅಲ್ಲಿ ಅದೇ ದಿನದ ನಸುಕಿನ 1 ಗಂಟೆ. ಅದಕ್ಕೆ ಹಾರಾಟದ 16 ಗಂಟೆ ಕೂಡಿಸಿದರೆ ಸಂಜೆ 5. ಟಿಕೆಟ್ಟು ಸರಿಯಾಗಿಯೇ ಇದೆ.

ಮರಳುವಾಗ ಲೆಕ್ಕ ತಿರುಗುಮುರುಗಾಗುತ್ತದೆ. 2021ರ ಆ ಮೊದಲ ವಿಮಾನದ ವೇಳಾಪಟ್ಟಿಯನ್ನೇ ನೋಡೋಣ: ಜನವರಿ 9ರ ಶನಿವಾರ ರಾತ್ರಿ 8.30ಕ್ಕೆ ಹೊರಟು 11ರ ಸೋಮವಾರ ನಸುಕಿನ 3.45ಕ್ಕೆ ಬೆಂಗಳೂರು. ಹೊರಡುವಾಗ ಇಲ್ಲಿ ಭಾನುವಾರ ಬೆಳಗಿನ 10 ಗಂಟೆ. ಅಲ್ಲಿಂದ ಸೋಮವಾರದ 3.45ರವರೆಗೆ 17 ಗಂಟೆ 45 ನಿಮಿಷ. ಆ ಪ್ರಯಾಣಿಕರ ಪಾಲಿಗೆ ಭಾನುವಾರವಿಡೀ ವಿಮಾನದೊಳಗೇ ಕಳೆಯಿತು. ಇನ್ನೊಂದು ಸೂಕ್ಷ್ಮವಿದೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರ್ ತಿಂಗಳ ಮೊದಲ ಭಾನುವಾರದವರೆಗೆ ಕ್ಯಾಲಿಫೋರ್ನಿಯಾದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆಗ ನಮ್ಮ ಅವರ ನಡುವಿನ ಅಂತರ ಹನ್ನೆರಡೂವರೆ ಗಂಟೆ. ಮಕ್ಕಳಿಗೆ ಫೋನು ಮಾಡುವವರಿಗೂ ಇದು ಗೊತ್ತಿದ್ದರೆ ಒಳ್ಳೆಯದು.

ಇಂಧನವೂ ಹೊರೆಯೇ

ಇಷ್ಟು ದೂರಕ್ಕೆ ಎಲ್ಲ ವಿಮಾನಗಳೂ ಹೋಗಲಾರವು. ಈ ಮಾರ್ಗಕ್ಕೆ ಬಳಸಿದ ಬೋಯಿಂಗ್ 777-200 ಎಲ್‌ಆರ್ ಮಾದರಿ ಹೆಚ್ಚೆಂದರೆ 347 ಟನ್ ತೂಕದೊಂದಿಗೆ ನೆಲ ಬಿಡಬಲ್ಲದು. ಅದರ ಟ್ಯಾಂಕುಗಳಲ್ಲಿ ಸುಮಾರು 1,81,000 ಲೀಟರ್, ಅಂದರೆ 145 ಟನ್ನಿನಷ್ಟು ಇಂಧನ ಹಿಡಿಯುತ್ತದೆ. ಟ್ಯಾಂಕು ತುಂಬಿ ಹೊರಟರೆ ತೂಕದ ಐದರಲ್ಲಿ ಎರಡು ಪಾಲು ಇಂಧನವೇ. ದಾರಿಯ ಮೊದಲರ್ಧದಲ್ಲಿ ಸುಡುವ ಇಂಧನದ ಒಂದು ದೊಡ್ಡ ಪಾಲು, ಉಳಿದರ್ಧಕ್ಕೆ ಬೇಕಾದ ಇಂಧನವನ್ನು ಹೊತ್ತೊಯ್ಯುವುದಕ್ಕೇ ಖರ್ಚಾಗುತ್ತದೆ. ತೂಕ ಇಳಿದಂತೆಲ್ಲ ವಿಮಾನ ಮೆಟ್ಟಿಲು ಮೆಟ್ಟಿಲಾಗಿ ಇನ್ನಷ್ಟು ಎತ್ತರಕ್ಕೆ ಏರುತ್ತದೆ, ಏಕೆಂದರೆ ಅಲ್ಲಿನ ತೆಳುಗಾಳಿಯಲ್ಲಿ ತಡೆ ಕಡಿಮೆ.

ಬೆಂಗಳೂರಿಗೆ ಇದರಲ್ಲಿ ತನ್ನದೇ ಆದ ಒಂದು ತೊಡಕಿದೆ. ದೇವನಹಳ್ಳಿಯ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಎತ್ತರದ ಗಾಳಿ ತೆಳು, ಮಧ್ಯಾಹ್ನದ ಬಿಸಿಲಿಗೆ ಅದು ಇನ್ನೂ ತೆಳು. ರೆಕ್ಕೆಗೂ ಇಂಜಿನ್ನಿಗೂ ಸಿಗುವ ಆಸರೆ ಅಷ್ಟರಮಟ್ಟಿಗೆ ಕಡಿಮೆ. ಕಡಲ ಅಂಚಿನ ಸ್ಯಾನ್ ಫ್ರಾನ್ಸಿಸ್ಕೋಗೆ ಈ ಚಿಂತೆಯಿಲ್ಲ. ಇಲ್ಲಿನ ರನ್‌ವೇಗಳು 4,000 ಮೀಟರ್ ಉದ್ದವಿದ್ದರೂ, ತುಂಬಿದ ಟ್ಯಾಂಕಿನೊಂದಿಗೆ ಹೊರಡುವ ವಿಮಾನವು ಕೆಲವೊಮ್ಮೆ ಸರಕನ್ನೋ ಪ್ರಯಾಣಿಕರ ಸಂಖ್ಯೆಯನ್ನೋ ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ.

ನಡುವೆ ಇಳಿದು ಹೋಗುವ ವಿಮಾನಗಳಿಗೆ ಈ ಹೊರೆ ಹಗುರ, ಆದರೆ ದೂರ ಹೆಚ್ಚು. ದುಬೈ ಮೂಲಕ ಹೋದರೆ ಒಟ್ಟು ಸುಮಾರು 15,700, ಫ್ರಾಂಕ್‌ಫರ್ಟ್ ಮೂಲಕವಾದರೆ ಸುಮಾರು 16,550 ಕಿಲೋಮೀಟರ್. ಕಾಯುವ ಹೊತ್ತೂ ಸೇರಿದರೆ ಇಪ್ಪತ್ತು ಗಂಟೆ ದಾಟುವುದು ಸಾಮಾನ್ಯ.

ಟಿಕೆಟ್ಟಿನ ಅವಧಿ ಯಾವುದು?

ವೇಳಾಪಟ್ಟಿಯಲ್ಲಿ ಕಾಣುವ ಅವಧಿ ಆಕಾಶದಲ್ಲಿರುವ ಹೊತ್ತು ಮಾತ್ರವಲ್ಲ. ವಿಮಾನ ಗೇಟಿನಿಂದ ಹಿಂದೆ ಸರಿದ ಕ್ಷಣದಿಂದ ಇನ್ನೊಂದು ಊರಿನ ಗೇಟಿನಲ್ಲಿ ನಿಲ್ಲುವವರೆಗಿನದೆಲ್ಲ ಅದರಲ್ಲಿ ಸೇರಿದೆ. ರನ್‌ವೇಗೆ ಉರುಳುತ್ತ ಹೋಗುವುದು, ಸರದಿಗಾಗಿ ನಿಲ್ಲುವುದು, ಇಳಿಯುವ ಮುನ್ನ ಆಕಾಶದಲ್ಲೇ ಸುತ್ತುವುದು ಎಲ್ಲವೂ. ಆ ಋತುವಿನ ಸರಾಸರಿ ಗಾಳಿಯನ್ನು ಅಂದಾಜಿಸಿ, ತುಸು ಹೊತ್ತನ್ನು ಹೆಚ್ಚಾಗಿಯೇ ಸೇರಿಸಿ ಅದನ್ನು ಗೊತ್ತುಮಾಡಿರುತ್ತಾರೆ. ಆದ್ದರಿಂದ ತಡವಾಗಿ ಹೊರಟ ವಿಮಾನವೂ ಹೊತ್ತಿಗೆ ಸರಿಯಾಗಿ ತಲುಪಬಹುದು.

ಒಳಗೆ ಕುಳಿತವರ ಮುಂದಿನ ಪರದೆಯಲ್ಲಿ ಇದೆಲ್ಲವೂ ಕಾಣಿಸುತ್ತದೆ: ಹೊರಗಿನ ತಾಪಮಾನ ಮೈನಸ್ 56 ಡಿಗ್ರಿ, ನೆಲದ ಲೆಕ್ಕದ ವೇಗ, ಉಳಿದ ದೂರ, ತಲುಪುವ ಊರಿನ ಗಡಿಯಾರ. ನಮ್ಮ ಪಕ್ಕದ ಮನೆಯವರಿಗೆ ನಾನು ವೇಗದ ಅಂಕಿಯೊಂದನ್ನು ನೋಡುತ್ತಿರಿ ಎಂದಿದ್ದೆ. ತಲುಪಿದ ಮರುದಿನ ಅವರು ಫೋನು ಮಾಡಿ, ಒಮ್ಮೆ ಅದು 1,040 ತೋರಿಸಿತೆಂದೂ ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಇಳಿದೆವೆಂದೂ ತಿಳಿಸಿದರು. ಮಗಳು ಮಾತ್ರ ಟಿಕೆಟ್ಟಿನ ಹೊತ್ತಿಗೇ ಬಂದಳಂತೆ.